‘ವಿನ್‌ಲ್ಯಾಂಡ್ ಸಾಗಾ’: ಇಷ್ಟೊಂದು ರಕ್ತಪಾತವಿರುವ ಅನಿಮೆಯನ್ನು ಚರ್ಚೆಗೆ ಆಯ್ದುಕೊಳ್ಳಬಹುದೇ?

ಡೊಂಬಿವಲಿ ಪ್ರೇಕ್ಷಕಿ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ಕೆಲವು ಕನ್ನಡ ಮನೆಗಳವರು ತಿಂಗಳಿಗೊಮ್ಮೆ ಸೇರಿ, ಮೊದಲೇ ಗೊತ್ತುಮಾಡಿಕೊಂಡ ಒಂದು ಚಿತ್ರದ ಅಥವಾ ಸರಣಿಯ ಬಗ್ಗೆ ಕನ್ನಡದಲ್ಲಿಯೇ ಮಾತನಾಡುವ ರೂಢಿ ಇಟ್ಟುಕೊಂಡಿದ್ದೇವೆ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಮನೆಯ ಹೊರಗೆ ಮರಾಠಿ, ಹಿಂದಿಗಳಲ್ಲಿ ವ್ಯವಹರಿಸುವವರು. ಅವರಿಗೆ ಪ್ರಿಯವಾದ ವಿಷಯ ಸಿಕ್ಕಿದಾಗ ಮಾತ್ರ ಕನ್ನಡದಲ್ಲಿ ದೀರ್ಘವಾಗಿ ವಾದಿಸುತ್ತಾರೆ. ಈ ಬಾರಿ ಕಾಲೇಜಿನ ಮಕ್ಕಳು ಸೂಚಿಸಿರುವುದು ‘ವಿನ್‌ಲ್ಯಾಂಡ್ ಸಾಗಾ’. ಮಕೊಟೊ ಯುಕಿಮುರಾ ಅವರು 2005ರಲ್ಲಿ ಆರಂಭಿಸಿದ ಮಾಂಗಾ ಎಂಬ ಜಪಾನೀ ಚಿತ್ರಕಥೆಯನ್ನು ಆಧರಿಸಿದ ಈ ಅನಿಮೆಯ, ಎಂದರೆ ಜಪಾನೀ ಅನಿಮೇಷನ್ ಸರಣಿಯ, ಮೊದಲ ಸೀಸನ್ 2019ರಲ್ಲಿಯೂ ಎರಡನೆಯದು 2023ರಲ್ಲಿಯೂ ಬಂದಿದ್ದು, ಎರಡರಲ್ಲಿಯೂ ಇಪ್ಪತ್ತನಾಲ್ಕು ಕಂತುಗಳಿವೆ. ಹನ್ನೊಂದನೆಯ ಶತಮಾನದ ಉತ್ತರ ಯುರೋಪಿನ ವೈಕಿಂಗ್ ಎಂಬ ಕಡಲ ದಾಳಿಕೋರರ ನಡುವೆ, ತಂದೆಯನ್ನು ಕೊಂದವನ ಗುಂಪಿನಲ್ಲಿಯೇ ಬೆಳೆದು ಅವನ ಮೇಲೆ ಸೇಡು ತೀರಿಸಿಕೊಳ್ಳಲು ಕಾಯುವ ಥಾರ್ಫಿನ್ ಎಂಬ ಹುಡುಗನ ಕಥೆ ಇದು.

ನಮ್ಮ ಹಿರಿಯರಲ್ಲಿ ಕೆಲವರು ಮೊದಲ ಎರಡು ಮೂರು ಕಂತುಗಳನ್ನು ನೋಡಿ, ತಲೆ ಕಡಿಯುವ, ಕೈ ಕತ್ತರಿಸುವ ದೃಶ್ಯಗಳಿರುವ ಈ ಸರಣಿಯನ್ನು ಮಕ್ಕಳೊಂದಿಗೆ ಕುಳಿತು ಚರ್ಚಿಸುವುದು ಹೇಗೆ ಎಂದು ಹಿಂಜರಿಯುತ್ತಿದ್ದಾರೆ. ನಾನು ಎರಡೂ ಸೀಸನ್‌ಗಳನ್ನು ನೋಡಿದ್ದೇನೆ, ಮೆಚ್ಚಿಯೂ ಇದ್ದೇನೆ. ಆದರೆ ಮೆಚ್ಚುಗೆಯ ಮಾತಷ್ಟನ್ನೇ ಹೇಳಿ ಹಿರಿಯರನ್ನು ಒಪ್ಪಿಸುವುದು ಸರಿಯಲ್ಲ. ಈ ಸರಣಿಯಲ್ಲಿ ಹಿಂಸೆಯನ್ನು ತೋರಿಸಿರುವ ರೀತಿಗೆ ಕಥೆಯಲ್ಲಿ ನಿಜವಾದ ಅಗತ್ಯವಿದೆಯೇ, ಅದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ಕಥೆಯ ತಿರುವುಗಳನ್ನು ಮುಚ್ಚಿಡಬೇಕಾಗಿಲ್ಲ.

ಪುಣೆಯ ಚಿತ್ರಕಾರ

ಮೇಡಂ, ನಾನು ಪುಣೆಯಲ್ಲಿ ಅನಿಮೇಷನ್ ಕೆಲಸ ಮಾಡುವವನಾದ್ದರಿಂದ ಕಥೆಗಿಂತ ಕಟ್ಟುವಿಕೆಯ ಬಗ್ಗೆ ಹೆಚ್ಚು ಹೇಳಬಲ್ಲೆ. ನಿರ್ದೇಶಕ ಶುಹೇಯಿ ಯಾಬುತಾ ಅವರು ಮೂರು ಆಯಾಮದ ಕಂಪ್ಯೂಟರ್ ಚಿತ್ರಗಳ ವಿಭಾಗದಿಂದ ಬಂದವರು. ‘ಅಟ್ಯಾಕ್ ಆನ್ ಟೈಟನ್’ ಸರಣಿಯಲ್ಲಿ ಆ ವಿಭಾಗವನ್ನು ನೋಡಿಕೊಂಡವರು. ಮೊದಲ ಸೀಸನ್ ಅನ್ನು ವಿಟ್ ಸ್ಟುಡಿಯೊ, ಎರಡನೆಯದನ್ನು ಮಾಪ್ಪಾ ತಯಾರಿಸಿದರೂ ನಿರ್ದೇಶಕರು ಅವರೇ ಆಗಿ ಉಳಿದದ್ದರಿಂದ, ಸ್ಟುಡಿಯೊ ಬದಲಾದಾಗ ಅನೇಕ ಸರಣಿಗಳಲ್ಲಿ ಎದ್ದು ಕಾಣುವ ಬಿರುಕು ಇಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಮಾಂಗಾ ಆರಂಭವಾಗುವುದು ಹದಿಹರೆಯದ ಥಾರ್ಫಿನ್ ಕೋಟೆಯೊಂದರ ಮುತ್ತಿಗೆಯಲ್ಲಿ ಕಾದಾಡುವುದರಿಂದ. ಅವನ ಬಾಲ್ಯ ಆಮೇಲೆ ನೆನಪಾಗಿ ಬರುತ್ತದೆ. ಅನಿಮೆಯವರು ಆ ಕ್ರಮವನ್ನು ಬದಲಿಸಿ, ಐಸ್‌ಲ್ಯಾಂಡಿನ ಹಿಮದ ಹಳ್ಳಿ, ತಾಯಿ, ಅಕ್ಕ, ಹಿಂದೊಮ್ಮೆ ಮಹಾಯೋಧನಾಗಿದ್ದು ಸೈನ್ಯವನ್ನು ತೊರೆದು ಬಂದ ತಂದೆ ಥಾರ್ಸ್, ಇವರನ್ನೆಲ್ಲ ಮೊದಲ ನಾಲ್ಕು ಕಂತುಗಳಲ್ಲಿ ನಿಧಾನವಾಗಿ ಪರಿಚಯಿಸಿದರು. ಇದು ಸರಣಿಯ ಅತ್ಯಂತ ವಿವೇಕದ ನಿರ್ಧಾರವೆಂದು ನನ್ನ ಅಭಿಪ್ರಾಯ. ಏಕೆಂದರೆ ನಾಲ್ಕನೆಯ ಕಂತಿನಲ್ಲಿ ಥಾರ್ಸ್ ದಾಳಿಕೋರರ ನಾಯಕ ಆಸ್ಕೆಲಾಡನ ಗುಂಪಿನವರನ್ನು ಬರಿಗೈಯಿಂದ ಹೊಡೆದು ಬೀಳಿಸಿ, ದ್ವಂದ್ವಯುದ್ಧದಲ್ಲಿ ಗೆದ್ದು, ಮಗನನ್ನು ಒತ್ತೆಯಾಳಾಗಿ ಹಿಡಿದದ್ದನ್ನು ಕಂಡು ಕತ್ತಿ ಕೆಳಗಿಟ್ಟು ಬಾಣಗಳಿಗೆ ಎದೆಯೊಡ್ಡುವಾಗ, ಆ ಸಾವು ಕಥೆಯನ್ನು ಮುಂದೂಡುವ ನೆಪವಾಗಿ ಉಳಿಯುವುದಿಲ್ಲ. ನಾವು ಬಲ್ಲ ಒಬ್ಬ ಗೃಹಸ್ಥನ ಸಾವಾಗುತ್ತದೆ. ಆ ಹೊಡೆದಾಟದಲ್ಲಿ ಪ್ರತಿ ಪೆಟ್ಟಿಗೂ ಭಾರವಿದೆ. ಹೊಡೆಸಿಕೊಂಡವನು ಹಾರಿಹೋಗುವುದಿಲ್ಲ, ಅಲ್ಲಿಯೇ ಕುಸಿಯುತ್ತಾನೆ. ಕಾಲಿನ ಕೆಳಗಿನ ಹಲಗೆ ಅಲುಗುತ್ತದೆ. ಇಂಥ ವಿವರಗಳಿಗೆ ಬಹಳ ಶ್ರಮ ಬೇಕು.

ಹದಿನಾಲ್ಕನೆಯ ಕಂತನ್ನು ನಿಮ್ಮ ಹಿರಿಯರು ತಪ್ಪದೆ ನೋಡಬೇಕು. ಚಳಿಗಾಲದಲ್ಲಿ ಆಹಾರ ಮುಗಿದ ಆಸ್ಕೆಲಾಡನ ಗುಂಪು ಇಂಗ್ಲೆಂಡಿನ ಒಂದು ಹಳ್ಳಿಯನ್ನು ಆಕ್ರಮಿಸಿ, ಸುಳಿವು ಹೊರಗೆ ಹೋಗಬಾರದೆಂದು ಹಳ್ಳಿಗರೆಲ್ಲರನ್ನೂ ಕೊಲ್ಲುತ್ತದೆ. ಕಂತು ಶುರುವಾಗುವುದು ಆ ಕೊಲೆಗಾರರ ಕಡೆಯಿಂದಲ್ಲ, ಉಂಗುರವೊಂದನ್ನು ಕದ್ದು ಬಚ್ಚಿಟ್ಟುಕೊಂಡು ಪಾಪಭೀತಿಯಿಂದ ತೊಳಲುತ್ತಿರುವ ಆ್ಯನ್ ಎಂಬ ಹುಡುಗಿಯ ಕಡೆಯಿಂದ. ಅವಳು ಮನೆಯ ಹೊರಗಿದ್ದುದರಿಂದ ಉಳಿದು, ದೂರದಿಂದ ನೋಡುತ್ತಾಳೆ. ಅಲ್ಲಿಯವರೆಗೆ ಆ ಗುಂಪಿನ ಚತುರತೆಯನ್ನು, ಅವರ ತಮಾಷೆಗಳನ್ನು ಮೆಚ್ಚಿಕೊಂಡು ಬಂದ ನಮ್ಮನ್ನು ಆ ಕಂತು ಹಳ್ಳಿಗರ ಪಕ್ಕದಲ್ಲಿ ನಿಲ್ಲಿಸುತ್ತದೆ.

ಇನ್ನು ದೋಷಗಳು. ಮೊದಲನೆಯದು ಥಾರ್ಕೆಲ್. ದೈತ್ಯದೇಹದ ಈ ಯೋಧನು ಎಸೆದ ಒಂದು ಭರ್ಜಿ ಹಲವರನ್ನು ಒಟ್ಟಿಗೆ ಚುಚ್ಚಿಕೊಂಡು ಹೋಗುತ್ತದೆ. ಬಲಿಷ್ಠ ಎದುರಾಳಿಗಳು ಸಿಗುತ್ತಾರೆಂಬ ಸಂತೋಷಕ್ಕಾಗಿಯೇ ಅವನು ತನ್ನವರನ್ನು ಬಿಟ್ಟು ಇಂಗ್ಲಿಷರ ಪರವಾಗಿ ಲಂಡನ್ನಿನಲ್ಲಿ ಕಾದುತ್ತಾನೆ. ಅವನು ಬಂದಾಗಲೆಲ್ಲ ಸರಣಿಯ ಭೌತಿಕ ನಿಯಮಗಳೇ ಬದಲಾಗುತ್ತವೆ. ಒಂದು ಕಂತಿನಲ್ಲಿ ಗಾಯವೆಂದರೆ ನೋವು, ಕೀವು, ಸಾವು. ಮುಂದಿನದರಲ್ಲಿ ಮನುಷ್ಯರು ಗಾಳಿಯಲ್ಲಿ ಸುತ್ತಿಬಿದ್ದು ಮತ್ತೆ ಎದ್ದು ನಿಲ್ಲುತ್ತಾರೆ. ಹಿಂಸೆಯ ಬೆಲೆಯನ್ನು ಹೇಳಲು ಹೊರಟ ಕಥೆಯಲ್ಲಿ ಇದು ಸಣ್ಣ ದೋಷವಲ್ಲ. ಎರಡನೆಯದಾಗಿ, ದೊಡ್ಡ ಯುದ್ಧಗಳಲ್ಲಿ ಸೈನಿಕರ ಗುಂಪುಗಳನ್ನು ಕಂಪ್ಯೂಟರಿನಲ್ಲಿ ರಚಿಸಿರುವುದು ಕೈಯಿಂದ ಬರೆದ ಮುಖಗಳ ಪಕ್ಕದಲ್ಲಿ ಸಪ್ಪೆಯಾಗಿ ಕಾಣುತ್ತದೆ. ಹಡಗುಗಳ ಮಟ್ಟಿಗೆ ಆ ತಂತ್ರ ಚೆನ್ನಾಗಿ ಒಗ್ಗಿದೆ.

ಠಾಣೆಯ ಓದುಗ

ಪುಣೆಯವರ ಮಾತಿಗೆ ಒಂದು ಆಕ್ಷೇಪವಿದೆ. ಹಿಂಸೆ ಕೆಟ್ಟದ್ದೆಂದು ಹೇಳುವುದೇ ಉದ್ದೇಶವಾಗಿದ್ದರೆ ಇಪ್ಪತ್ತನಾಲ್ಕು ಕಂತುಗಳಷ್ಟು ಕಾಲ ಅದನ್ನು ಇಷ್ಟು ಸುಂದರವಾಗಿ ಚಿತ್ರಿಸಬೇಕಾಗಿರಲಿಲ್ಲ. ನನ್ನ ಪರಿಚಯದ ಹುಡುಗರು ಮೊದಲ ಸೀಸನ್ ಅನ್ನು ಮತ್ತೆ ಮತ್ತೆ ನೋಡುತ್ತಾರೆ. ಎರಡನೆಯದನ್ನು ಹೊಲ ಉಳುವ ಕಥೆಯೆಂದು ಅರ್ಧಕ್ಕೆ ಬಿಡುತ್ತಾರೆ. ಅವರ ಮನಸ್ಸಿನಲ್ಲಿ ಉಳಿಯುವುದು ಥಾರ್ಫಿನ್ನನ ಎರಡು ಚೂರಿಗಳೇ ಹೊರತು ಅವನ ಪಶ್ಚಾತ್ತಾಪವಲ್ಲ. ಹೀಗಾಗುವುದರಲ್ಲಿ ಸರಣಿಯ ಪಾಲೂ ಇದೆ ಎಂದು ಒಪ್ಪಿಕೊಳ್ಳಬೇಕು.

ಬೊರಿವಲಿ ನಿವಾಸಿ

ಠಾಣೆಯವರ ಆಕ್ಷೇಪಕ್ಕೆ ಉತ್ತರಿಸುವ ಮೊದಲು ನಮ್ಮ ನೆರೆಯಲ್ಲಿಯೇ ಇರುವ ಒಂದು ಸಂಗತಿಯನ್ನು ನೆನಪಿಸಬೇಕು. ಬೊರಿವಲಿಯ ಏಕ್ಸರ್‌ನಲ್ಲಿರುವ ಮಧ್ಯಕಾಲದ ವೀರಗಲ್ಲುಗಳನ್ನು ಈ ವೇದಿಕೆಯ ಕೆಲವರಾದರೂ ನೋಡಿರಬಹುದು. ಕರ್ನಾಟಕದ ಊರೂರುಗಳಲ್ಲಿ ಕಾಣುವ ವೀರಗಲ್ಲುಗಳ ಕ್ರಮವೇ ಅಲ್ಲಿಯೂ ಇದೆ. ಆದರೆ ಕೆಲವು ಕಲ್ಲುಗಳ ಕೆಳಗಿನ ಪಟ್ಟಿಕೆಗಳಲ್ಲಿ ಹುಟ್ಟುಗಳ ಸಾಲಿರುವ ಹಡಗುಗಳೂ ಸಮುದ್ರಯುದ್ಧವೂ ಕೆತ್ತಲ್ಪಟ್ಟಿವೆ. ಮೇಲಕ್ಕೆ ಹೋದಂತೆ ಸತ್ತ ವೀರನು ಸ್ವರ್ಗಕ್ಕೇರುತ್ತಾನೆ, ತುದಿಯಲ್ಲಿ ಶಿವಲಿಂಗದ ಪೂಜೆ ನಡೆಯುತ್ತದೆ. ಕಾದಿ ಸತ್ತವನಿಗೆ ಸ್ವರ್ಗ ಎಂಬ ಈ ನಂಬಿಕೆ ನಮಗೆ ಹೊಸದಲ್ಲ. ವೈಕಿಂಗರಿಗೂ ಇಂಥದೇ ನಂಬಿಕೆಯಿತ್ತು: ರಣರಂಗದಲ್ಲಿ ಮಡಿದವನು ಓಡಿನ್ ದೇವನ ವಾಲ್ಹಲ್ಲಾ ಎಂಬ ಸಭಾಮಂದಿರವನ್ನು ಸೇರಿ, ಹಗಲೆಲ್ಲ ಕಾದಾಡಿ ರಾತ್ರಿಯೆಲ್ಲ ಉಂಡು ಕುಡಿಯುತ್ತಾನೆ. ‘ವಿನ್‌ಲ್ಯಾಂಡ್ ಸಾಗಾ’ ನೇರವಾಗಿ ಎದುರು ಹಾಕಿಕೊಳ್ಳುವುದು ಈ ನಂಬಿಕೆಯನ್ನು. ಎರಡನೆಯ ಸೀಸನ್ನಿನ ಒಂದು ಕನಸಿನಲ್ಲಿ ಥಾರ್ಫಿನ್ ಕಾಣುವ ಯೋಧರ ಲೋಕದಲ್ಲಿ ಉತ್ಸವವಿಲ್ಲ. ಸತ್ತವರು ಕೊನೆಯಿಲ್ಲದೆ ಒಬ್ಬರನ್ನೊಬ್ಬರು ಕಡಿದುಕೊಳ್ಳುತ್ತಿರುವ ಪಾತಾಳವದು. ಅವನು ಕೊಂದವರೆಲ್ಲರೂ ಅಲ್ಲಿ ಅವನ ಕಾಲು ಹಿಡಿದು ಜಗ್ಗುತ್ತಾರೆ. ಒಂದು ಸಮಾಜ ತನ್ನ ಕೊಲೆಗಳಿಗೆ ಕೊಟ್ಟುಕೊಂಡಿದ್ದ ದೊಡ್ಡ ಸಮಾಧಾನವನ್ನೇ ಕಿತ್ತುಕೊಳ್ಳುವ ದೃಶ್ಯ ಅದು.

ಮೊದಲ ಸೀಸನ್ನಿನ ಆಕರ್ಷಣೆಯಿಲ್ಲದಿದ್ದರೆ ಈ ಕಿತ್ತುಕೊಳ್ಳುವಿಕೆಗೆ ಅರ್ಥವಿರುತ್ತಿರಲಿಲ್ಲ ಎಂಬುದು ನನ್ನ ವಾದ. ಥಾರ್ಫಿನ್ನನ ಚೂರಿಯ ವೇಗ ನಮಗೆ ರೋಮಾಂಚನ ತರಬೇಕು. ಆಮೇಲೆ ಆ ರೋಮಾಂಚನದ ಹಿಂದೆ ಯಾರ ಮನೆ ಉರಿಯಿತೆಂದು ತಿಳಿಯಬೇಕು. ಸರಣಿ ಈ ಎರಡನೆಯ ಕೆಲಸವನ್ನು ಎರಡನೆಯ ಸೀಸನ್‌ವರೆಗೂ ಮುಂದೂಡಿಲ್ಲ. ಆರನೆಯ ಕಂತಿನಲ್ಲಿಯೇ ಇಂಗ್ಲೆಂಡಿನ ಒಬ್ಬ ಹೆಂಗಸು ಹುಡುಗ ಥಾರ್ಫಿನ್ನನಿಗೆ ಆಶ್ರಯ ಕೊಟ್ಟು, ತಲೆ ಬಾಚಿ ಹೇನು ತೆಗೆಯುತ್ತಾಳೆ. ಆ ಹುಡುಗನೇ ಬೆಂಕಿಯ ಸಂಕೇತ ತೋರಿಸಿ ದಾಳಿಕೋರರನ್ನು ಅವಳ ಹಳ್ಳಿಗೆ ಕರೆತರುತ್ತಾನೆ. ಅವನು ಅಲ್ಲಿ ಅಳುವುದಿಲ್ಲ, ಸರಣಿ ಅಲ್ಲಿ ಉಪದೇಶ ಮಾಡುವುದಿಲ್ಲ. ನೋಡುವವರಿಗೆ ಆ ಕಂತು ಮರೆಯುವುದಿಲ್ಲ.

ಆಸ್ಕೆಲಾಡನ ಬಗ್ಗೆ ಯಾರೂ ಇನ್ನೂ ಬರೆದಿಲ್ಲವಾದ್ದರಿಂದ ಅವನಿಗೆ ಸ್ವಲ್ಪ ಜಾಗ ಕೊಡುತ್ತೇನೆ, ಏಕೆಂದರೆ ಸರಣಿಯ ಶಕ್ತಿಯ ಬಹುಪಾಲು ಅವನಲ್ಲಿದೆ. ವೇಲ್ಸ್‌ನ ರಾಜಮನೆತನದಿಂದ ಸೆರೆಯಾಗಿ ಬಂದು ಗುಲಾಮಳಾದ ತಾಯಿಗೆ ಡೇನ್ (ಡೆನ್ಮಾರ್ಕಿನ) ದಣಿಯಿಂದ ಹುಟ್ಟಿದವನು ಅವನು. ಡೇನರ ನಾಯಕನಾಗಿದ್ದುಕೊಂಡೇ ಡೇನರನ್ನು ದ್ವೇಷಿಸುವವನು. ನಮ್ಮ ನಾಯಕನ ತಂದೆಯನ್ನು ಮೋಸದಿಂದ ಕೊಂದ ಇವನೇ, ಆ ಹುಡುಗನಿಗೆ ಸಿಕ್ಕಿದ ಎರಡನೆಯ ತಂದೆಯೂ ಹೌದು. ಮೊದಲ ಸೀಸನ್ನಿನ ಕೊನೆಯಲ್ಲಿ, ತನ್ನ ತಾಯಿಯ ನಾಡಾದ ವೇಲ್ಸ್ ಮೇಲೆ ದಂಡೆತ್ತುತ್ತೇನೆಂದು ಬೆದರಿಸಿದ ಡೆನ್ಮಾರ್ಕಿನ ದೊರೆ ಸ್ವೇನ್‌ನ ತಲೆಯನ್ನು ತುಂಬಿದ ಸಭೆಯಲ್ಲಿ ಕಡಿದು, ಹುಚ್ಚನಂತೆ ನಟಿಸಿ, ರಾಜಕುಮಾರ ಕ್ಯಾನ್ಯೂಟ್‌ನ ಕತ್ತಿಗೆ ತಾನೇ ಗುರಿಯಾಗುತ್ತಾನೆ. ಆ ಒಂದೇ ಏಟಿನಿಂದ ಕ್ಯಾನ್ಯೂಟ್‌ನ ಪಟ್ಟವೂ ವೇಲ್ಸ್‌ನ ಕ್ಷೇಮವೂ ಭದ್ರವಾಗುತ್ತವೆ. ಇಷ್ಟು ವರ್ಷ ಸೇಡಿಗಾಗಿಯೇ ಉಸಿರಾಡಿದ ಥಾರ್ಫಿನ್ನನ ಸೇಡು ಇನ್ನೊಬ್ಬನ ಕೈಯಲ್ಲಿ ಮುಗಿದುಹೋಗುತ್ತದೆ. ಸೇಡು ತೀರಿದ ತೃಪ್ತಿಯನ್ನು ನಾಯಕನಿಗೂ ಕೊಡದೆ ಪ್ರೇಕ್ಷಕರಿಗೂ ಕೊಡದೆ ಒಂದು ಇಡೀ ಸೀಸನ್ ಅನ್ನು ಮುಗಿಸುವ ಧೈರ್ಯ ಹೊಡೆದಾಟದ ಸರಣಿಗಳಲ್ಲಿ ಅಪರೂಪ. ಠಾಣೆಯವರೇ, ಇದನ್ನು ನೋಡಿಯೂ ಚೂರಿಗಳನ್ನಷ್ಟೇ ನೆನಪಿಟ್ಟುಕೊಳ್ಳುವ ಹುಡುಗರಿದ್ದರೆ ಅವರೊಂದಿಗೆ ಕುಳಿತು ಮಾತನಾಡುವ ಅಗತ್ಯ ಇನ್ನೂ ಹೆಚ್ಚುತ್ತದೆ. ಡೊಂಬಿವಲಿಯವರ ಕೂಟ ಇರುವುದೇ ಅದಕ್ಕಾಗಿ.

ಮಡಗಾಂವ್ ಇತಿಹಾಸ ಶಿಕ್ಷಕಿ

ನಾನು ಮಡಗಾಂವ್‌ನ ಶಾಲೆಯೊಂದರಲ್ಲಿ ಇತಿಹಾಸ ಕಲಿಸುವವಳು. ಬೊರಿವಲಿಯವರು ಹೇಳಿದ ಬಹುಪಾಲು ಮಾತುಗಳನ್ನು ಒಪ್ಪುತ್ತೇನೆ. ಆದರೆ ದೌರ್ಬಲ್ಯಗಳ ಪಟ್ಟಿ ಇಲ್ಲಿ ಇನ್ನೂ ಅಪೂರ್ಣವಾಗಿದೆ.

ಚಾರಿತ್ರಿಕ ಸ್ವಾತಂತ್ರ್ಯದ ವಿಷಯವನ್ನು ಬೇಗ ಮುಗಿಸುತ್ತೇನೆ. ಸ್ವೇನ್ 1013ರಲ್ಲಿ ಇಂಗ್ಲೆಂಡನ್ನು ಗೆದ್ದು 1014ರ ಆರಂಭದಲ್ಲಿ ಸತ್ತದ್ದು, ಅವನ ಮಗ ಕ್ಯಾನ್ಯೂಟ್ 1016ರಲ್ಲಿ ಇಂಗ್ಲೆಂಡಿನ ದೊರೆಯಾಗಿ ಮುಂದೆ ಡೆನ್ಮಾರ್ಕ್, ನಾರ್ವೆಗಳನ್ನೂ ಆಳಿದ್ದು ನಿಜ. ತುಂಬಿದ ಸಭೆಯಲ್ಲಿ ಸ್ವೇನ್‌ನ ತಲೆ ಉರುಳಿದ್ದು ಕಥೆಗಾರರ ಕಲ್ಪನೆ. ಥಾರ್ಫಿನ್ ಕಾರ್ಲ್‌ಸೆಫ್ನಿ ಎಂಬ ಹೆಸರು ಐಸ್‌ಲ್ಯಾಂಡಿನ ಹಳೆಯ ಕಥನಗಳಲ್ಲಿ ಉತ್ತರ ಅಮೆರಿಕದ ತೀರದ ವಿನ್‌ಲ್ಯಾಂಡಿಗೆ ನೆಲೆಸಲು ಹೋದ ವರ್ತಕನದಾಗಿ ಬರುತ್ತದೆ. ಸೇಡಿನ ಬಾಲ್ಯ ಯುಕಿಮುರಾ ಅವರ ಸೃಷ್ಟಿ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಲಾನ್ಸೊ ಮೆಡೋಸ್‌ನಲ್ಲಿ ಉತ್ತರ ಯುರೋಪಿನ ಈ ಜನರ ನೆಲೆ ಸಿಕ್ಕಿದೆ. ಅಲ್ಲಿಯ ಕೆಲವು ಮರದ ತುಂಡುಗಳನ್ನು ಕಡಿದದ್ದು 1021ರಲ್ಲಿ ಎಂದು ಮರದ ಉಂಗುರಗಳ ಆಧಾರದಿಂದ ತಿಳಿದುಬಂದಿದೆ. ಕಥೆಯ ಕಾಲಕ್ಕೆ ಇದು ಎಷ್ಟು ಹತ್ತಿರವೆಂದು ತಿಳಿದರೆ ಮಕ್ಕಳಿಗೆ ಕುತೂಹಲ ಮೂಡುತ್ತದೆ. ಈ ಸ್ವಾತಂತ್ರ್ಯಗಳನ್ನು ನಾನು ದೋಷವೆಂದು ಎಣಿಸುವುದಿಲ್ಲ.

ನನಗೆ ನೋವು ತರುವುದು ಆರ್ನೈಡ್‌ಳ ಪಾತ್ರ. ಎರಡನೆಯ ಸೀಸನ್ ನಡೆಯುವುದು ಡೆನ್ಮಾರ್ಕಿನ ಜಮೀನುದಾರ ಕೆಟಿಲ್‌ನ ಹೊಲಗಳಲ್ಲಿ. ಥಾರ್ಫಿನ್ ಮತ್ತು ಐನಾರ್ ಎಂಬ ಇಬ್ಬರು ಗುಲಾಮರು ಕಾಡು ಕಡಿದು, ಬೇರು ಕಿತ್ತು, ಗೋಧಿ ಬೆಳೆದು ತಮ್ಮ ಬಿಡುಗಡೆಯನ್ನು ಕೊಂಡುಕೊಳ್ಳಲು ದುಡಿಯುತ್ತಾರೆ. ಠಾಣೆಯ ಹುಡುಗರು ಅರ್ಧಕ್ಕೆ ಬಿಟ್ಟ ಈ ಭಾಗವೇ ನನ್ನ ದೃಷ್ಟಿಯಲ್ಲಿ ಸರಣಿಯ ಶಿಖರ. ಇಲ್ಲಿ ಹಿಂಸೆ ರಣರಂಗವನ್ನು ಬಿಟ್ಟು ಅಂಗಳಕ್ಕೆ ಬರುತ್ತದೆ. ಹಸಿವಿನಿಂದ ಕದ್ದ ಮಗುವಿಗೆ ಕೋಲಿನ ಶಿಕ್ಷೆ ಕೊಡಬೇಕಾಗಿ ಬಂದಾಗ, ಸ್ವಭಾವತಃ ಮೃದುವಾದ ಕೆಟಿಲ್ ತನ್ನ ಮಾನ ಉಳಿಸಿಕೊಳ್ಳಲು ಅದಕ್ಕೆ ಒಪ್ಪುತ್ತಾನೆ. ಕತ್ತಿ ಹಿಡಿಯದ ಸಜ್ಜನನ ಕೈಯಲ್ಲಿಯೂ ಹಿಂಸೆ ಹೇಗೆ ಬೆಳೆಯುತ್ತದೆ ಎಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಹೊಡೆದಾಟದ ಸರಣಿಯನ್ನು ನಾನು ಬೇರೆ ಕಂಡಿಲ್ಲ. ಆದರೆ ಅದೇ ಕೆಟಿಲ್ ಕೊನೆಗೆ, ತನ್ನ ಮಗುವನ್ನು ಹೊತ್ತಿರುವ ಗುಲಾಮಳಾದ ಆರ್ನೈಡ್‌ಳನ್ನು, ಓಡಿಬಂದ ಅವಳ ಗಂಡ ಗಾರ್ಡರ್‌ನ ಜೊತೆ ತಪ್ಪಿಸಿಕೊಳ್ಳಲು ಯತ್ನಿಸಿದಳೆಂದು ಹೊಡೆದು, ಅವಳ ಸಾವಿಗೆ ಕಾರಣನಾಗುತ್ತಾನೆ. ಆ ಸಾವಿನ ಭಾರ ಪೂರ್ತಿಯಾಗಿ ಥಾರ್ಫಿನ್ ಮತ್ತು ಐನಾರರ ಸಂಕಲ್ಪಕ್ಕೆ ವರ್ಗವಾಗುತ್ತದೆ. ಅವಳು ಬದುಕಿದ್ದಾಗ ಏನನ್ನು ಬಯಸಿದಳು, ಕೆಟಿಲ್‌ನ ಮನೆಯಲ್ಲಿ ಯಾವ ಲೆಕ್ಕಾಚಾರದಿಂದ ದಿನ ದೂಡಿದಳು ಎಂಬುದಕ್ಕೆ ಸಿಕ್ಕ ಸಮಯ ಬಹಳ ಕಡಿಮೆ. ಗಂಡಸರ ಆತ್ಮಶುದ್ಧಿಗಾಗಿ ಹೆಣ್ಣೊಬ್ಬಳು ಸಾಯುವ ಕಥೆಗಳನ್ನು ನಾವು ಸಾಕಷ್ಟು ಕಂಡಿದ್ದೇವೆ. ಇಷ್ಟು ವಿವೇಕವುಳ್ಳ ಸರಣಿಯಿಂದ ನಾನು ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುತ್ತೇನೆ. ಥಾರ್ಫಿನ್ನನ ತಾಯಿ ಹೆಲ್ಗಾ, ಅಕ್ಕ ಇಲ್ವಾ ಇಬ್ಬರೂ ಸೊಗಸಾದ ಪಾತ್ರಗಳೇ, ಆದರೆ ಅವರು ಮನೆಯಲ್ಲಿ ಕಾಯುತ್ತಲೇ ಉಳಿಯುತ್ತಾರೆ.

ಇನ್ನೊಂದು ಆಕ್ಷೇಪ ಕೊನೆಯ ಇತ್ಯರ್ಥದ ಬಗ್ಗೆ. ಹೊಲಗಳನ್ನು ವಶಪಡಿಸಿಕೊಳ್ಳಲು ಸೈನ್ಯದೊಂದಿಗೆ ಬಂದ ಕ್ಯಾನ್ಯೂಟ್‌ನನ್ನು ಭೇಟಿಯಾಗಲು ಥಾರ್ಫಿನ್ ಒಬ್ಬ ಸೈನಿಕನ ನೂರು ಹೊಡೆತಗಳನ್ನು ತಿರುಗಿ ಹೊಡೆಯದೆ ಸಹಿಸುತ್ತಾನೆ. ಆ ದೃಶ್ಯ ಅದ್ಭುತವಾಗಿದೆ. ಆದರೆ ಅದರ ನಂತರ ರಾಜನು ತನ್ನ ಯೋಜನೆಯನ್ನು ಕೈಬಿಡುವುದು ನನಗೆ ಸಲೀಸಾಗಿ ಕಂಡಿತು. ತಂದೆಯ ಕಡಿದ ತಲೆ ಕಣ್ಣಮುಂದೆ ಬಂದು ಮಾತನಾಡುವಷ್ಟು ಅಧಿಕಾರದ ಭಾರದಲ್ಲಿ ಸಿಲುಕಿದ ದೊರೆ, ಬಲಪ್ರಯೋಗದಿಂದಲೇ ಭೂಮಿಯ ಮೇಲೆ ಸ್ವರ್ಗ ಕಟ್ಟುತ್ತೇನೆಂದು ಹೊರಟವನು, ಒಂದು ಸಂಭಾಷಣೆಗೆ ಮಣಿಯುತ್ತಾನೆ. ಅಹಿಂಸೆ ಸೋತಾಗಲೂ ಅದನ್ನು ಬಿಡದಿರುವುದು ಹೇಗೆ ಎಂಬ ಕಠಿಣ ಪ್ರಶ್ನೆಯನ್ನು ಅನಿಮೆ ಆ ಘಟ್ಟದಲ್ಲಿ ಎದುರಿಸದೆ ಮುಂದೆ ಸಾಗುತ್ತದೆ.

ಬೊರಿವಲಿ ನಿವಾಸಿ

ಶಿಕ್ಷಕಿಯವರೇ, ಆರ್ನೈಡ್‌ಳ ಬಗ್ಗೆ ತಾವು ಹೇಳಿದ್ದಕ್ಕೆ ನನ್ನ ಬಳಿ ಪ್ರತಿವಾದವಿಲ್ಲ. ಕ್ಯಾನ್ಯೂಟ್‌ನ ವಿಷಯದಲ್ಲಿ ಮಾತ್ರ ಸಣ್ಣ ಭಿನ್ನಾಭಿಪ್ರಾಯವಿದೆ. ಥಾರ್ಫಿನ್ ಅವನನ್ನು ಸೋಲಿಸಲು ಬಂದವನಲ್ಲ. ರಾಜನು ಒಪ್ಪದಿದ್ದರೆ ಓಡಿಹೋಗುವುದಾಗಿ ಹೇಳುತ್ತಾನೆ, ರಾಜ್ಯದಲ್ಲಿ ಬದುಕಲಾಗದವರಿಗಾಗಿ ರಾಜ್ಯದ ಕೈಗೆಟುಕದ ಕಡೆ ಒಂದು ನಾಡನ್ನು ಕಟ್ಟುತ್ತೇನೆನ್ನುತ್ತಾನೆ. ಹೆದರಿಸಲು ಬಾರದ, ಬೇಡಲೂ ಬಾರದ ಮನುಷ್ಯನ ಎದುರು ದೊರೆಗೆ ತನ್ನ ಮಾರ್ಗವೊಂದೇ ಮಾರ್ಗವಲ್ಲವೆಂದು ಹೊಳೆಯುವುದು ನನಗೆ ನಂಬುವಂತೆಯೇ ಕಂಡಿತು. ಆದರೂ ಅದಕ್ಕೆ ಇನ್ನೊಂದು ಕಂತಿನಷ್ಟು ಅವಕಾಶ ಬೇಕಿತ್ತೆಂದು ಒಪ್ಪುತ್ತೇನೆ.

ಡೊಂಬಿವಲಿ ಪ್ರೇಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಆರ್ನೈಡ್‌ಳ ಬಗ್ಗೆ ಬಂದ ಮಾತು ನಮ್ಮ ಕೂಟದ ಹೆಣ್ಣುಮಕ್ಕಳಿಗೆ ಬಹಳ ಮುಖ್ಯವಾಗುತ್ತದೆ ಎಂದು ತೋರುತ್ತದೆ. ಒಂದು ವ್ಯಾವಹಾರಿಕ ಪ್ರಶ್ನೆ ಉಳಿದಿದೆ. ಹಿರಿಯರು ನಲವತ್ತೆಂಟು ಕಂತುಗಳನ್ನೂ ನೋಡುವುದು ಕಷ್ಟ. ಆಯ್ದ ಕಂತುಗಳನ್ನು ನೋಡಿದರೆ ಸರಣಿಗೆ ಅನ್ಯಾಯವಾಗುತ್ತದೆಯೇ?

ಪುಣೆಯ ಚಿತ್ರಕಾರ

ಸ್ವಲ್ಪ ಅನ್ಯಾಯವಾಗುತ್ತದೆ, ಆದರೂ ಸಾಧ್ಯ. ಮೊದಲ ಸೀಸನ್ನಿನ ಒಂದರಿಂದ ಆರರವರೆಗಿನ ಕಂತುಗಳು, ಹದಿನಾಲ್ಕನೆಯದು, ಇಪ್ಪತ್ತನಾಲ್ಕನೆಯದು, ಇಷ್ಟನ್ನು ಹಿರಿಯರು ನೋಡಲಿ. ನಡುವಿನ ಕಥೆಯನ್ನು ಮಕ್ಕಳೇ ಕನ್ನಡದಲ್ಲಿ ಹೇಳಿ ಜೋಡಿಸಲಿ. ಥಾರ್ಕೆಲ್‌ನ ಕಾಳಗಗಳನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಎರಡನೆಯ ಸೀಸನ್ನಿನಲ್ಲಿ ಹೀಗೆ ಆಯ್ದು ತೆಗೆಯಬಾರದೆಂದು ನನ್ನ ಬಲವಾದ ಸಲಹೆ. ಹೊಲ ಹಸನಾಗುವ ನಿಧಾನವೇ ಅದರ ಕಥೆ, ಅಲ್ಲಿ ರಕ್ತವೂ ಕಡಿಮೆ. ಅದನ್ನು ಎರಡು ತಿಂಗಳಿಗೆ ಹಂಚಿಕೊಂಡು ಪೂರ್ತಿಯಾಗಿ ನೋಡಿ. ಶಾಲೆಯ ಮಕ್ಕಳು ಕೂಟದಲ್ಲಿದ್ದರೆ ಹದಿನಾಲ್ಕನೆಯ ಕಂತಿನ ದಿನ ಅವರನ್ನು ಹೊರಗಿಡುವುದು ಒಳ್ಳೆಯದು. ಕಾಲೇಜಿನವರ ಮಟ್ಟಿಗೆ ನನಗೆ ಯಾವ ಹಿಂಜರಿಕೆಯೂ ಇಲ್ಲ.